ವೆಂಕಟರಾಮಯ್ಯನವರ ಪಿಸ್ತೂಲು ಜಮಾ ಆಗದೇ ಉಳಿದದ್ದು

ನಮ್ಮ ಹೊಳೆನರಸೀಪುರದಲ್ಲಿ ಯಾರು ದೊಡ್ಡ ಮನುಷ್ಯರು, ಯಾರು ಅಲ್ಲ ಎಂಬುದು ಮದುವೆ ಮನೆಯಲ್ಲಿ ಗೊತ್ತಾಗುವುದಿಲ್ಲ, ದೇವಸ್ಥಾನದಲ್ಲೂ ಗೊತ್ತಾಗುವುದಿಲ್ಲ. ಚುನಾವಣೆ ಘೋಷಣೆಯಾದ ಮೇಲೆ ಪೊಲೀಸ್ ಠಾಣೆಯ ಮುಂದೆ ಗೊತ್ತಾಗುತ್ತದೆ. ಲೈಸೆನ್ಸ್ ಇರುವ ಕೋವಿಗಳನ್ನೆಲ್ಲ ಫಲಿತಾಂಶ ಬರುವವರೆಗೆ ಠಾಣೆಯಲ್ಲಿ ಜಮಾ ಮಾಡಬೇಕೆಂದು ಆಜ್ಞೆಯಾಗುತ್ತದೆ. ಆಗ ತೋಟ ತುಡಿಕೆ ಇರುವ ಗೌಡರೆಲ್ಲ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಕೋವಿಯನ್ನು ಹಳೇ ಪಂಚೆಯಲ್ಲಿ ಸುತ್ತಿ, ನಳಿಗೆಯ ತುದಿ ಮಾತ್ರ ನಾಲ್ಕು ಜನಕ್ಕೆ ಕಾಣುವ ಹಾಗೆ ಬಿಟ್ಟುಕೊಂಡು ಪೇಟೆ ಬೀದಿಯಲ್ಲಿ ಬರುತ್ತಾರೆ. ಬೈಕು ಇದ್ದವರೂ ಆ ದಿನ ನಡೆದೇ ಬರುತ್ತಾರೆ. ಬೈಕಿನಲ್ಲಿ ಭರ್ರೆಂದು ಹೋದರೆ ಯಾರು ನೋಡಬೇಕು?

ನನ್ನ ಎದುರು ಮನೆಯ ವೆಂಕಟರಾಮಯ್ಯನವರು ಪ್ರತಿ ಚುನಾವಣೆಯಲ್ಲೂ ಈ ಮೆರವಣಿಗೆಯನ್ನು ಜಗಲಿಯ ಮೇಲೆ ನಿಂತು ನೋಡಿ ಹೊಟ್ಟೆ ಉರಿದುಕೊಂಡವರು. ಗೊರೂರಿನ ನೀರಾವರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟು. ದಿನಾ ಬಸ್ಸಿನಲ್ಲಿ ಹೋಗಿ ಬಸ್ಸಿನಲ್ಲಿ ಬರುವ ಸಾಧು ಪ್ರಾಣಿ. ನಿವೃತ್ತಿ ಹತ್ತಿರವಿತ್ತು. ದೀಪಾವಳಿ ಬಂದರೆ ಕಿವಿಗೆ ಹತ್ತಿ ಇಟ್ಟುಕೊಂಡು ನಡುಮನೆಯಲ್ಲಿ ಕೂರುವ ಈ ಮನುಷ್ಯನಿಗೆ ಹಿಡಿದ ಹುಚ್ಚು ಯಾವುದೆಂದರೆ ಹಳೇ ಕಾಲದ ಮಿಲಿಟರಿ ಪಿಸ್ತೂಲುಗಳನ್ನು ಕೂಡಿಡುವುದು.

ಬೆಂಗಳೂರಿನ ಒಬ್ಬ ಹಳೇ ಸಾಮಾನಿನ ವ್ಯಾಪಾರಿಯಿಂದ ತುಕ್ಕು ಹಿಡಿದ ಕಬ್ಬಿಣದ ಮುದ್ದೆಯನ್ನು ತರುವುದು, ಅದನ್ನು ಸೀಮೆಎಣ್ಣೆಯಲ್ಲಿ ನೆನೆಹಾಕುವುದು, ತಂತಿ ಬ್ರಷ್ಷಿನಿಂದ ಉಜ್ಜುವುದು, ಹಿತ್ತಾಳೆಯ ಭಾಗವನ್ನು ದೇವರ ಪಾತ್ರೆ ಬೆಳಗುವಂತೆ ಹುಣಸೆಹಣ್ಣಿನಲ್ಲಿ ಬೆಳಗುವುದು, ಬಡಗಿ ತಿಮ್ಮಪ್ಪನ ಬೆನ್ನು ಬಿದ್ದು ಹಲಸಿನ ಮರದ ಹಿಡಿ ಮಾಡಿಸುವುದು. ಹೀಗೆ ಮೂರು ಪಿಸ್ತೂಲು ಎದ್ದು ಕೂತಿದ್ದವು. ಅವುಗಳಲ್ಲಿ ಹಿರಿಯದು ಮೊಳದುದ್ದದ್ದು, ಯಾವುದೋ ಕುದುರೆ ಪಡೆಯದಂತೆ. ಅದನ್ನು ಮುಟ್ಟಬೇಕಾದರೆ ವೆಂಕಟರಾಮಯ್ಯನವರು ಕೈ ತೊಳೆದುಕೊಳ್ಳುತ್ತಿದ್ದರು. ಮುಟ್ಟಿದ ಮೇಲೂ ತೊಳೆದುಕೊಳ್ಳಬೇಕೆಂದು ಅವರ ಹೆಂಡತಿ ಶ್ರೀರಂಗಮ್ಮನವರ ವಾದ. ಆಯುಧಪೂಜೆಯಲ್ಲಿ ಮೂರಕ್ಕೂ ಗಂಧ ಕುಂಕುಮ ಹಚ್ಚಿ ಬೂದುಗುಂಬಳ ಒಡೆಯುತ್ತಿದ್ದರು. ಬೀದಿಯವರ ಮುಂದೆ ಮಾತು ಬಂದರೆ "ನಮ್ಮ ಗನ್ನುಗಳು" ಎಂದೇ ಹೇಳುತ್ತಿದ್ದರು. ಮೂರರ ನಳಿಗೆಗೂ ಸೀಸ ಹೊಯ್ದು ಬಾಯಿ ಮುಚ್ಚಿತ್ತು ಎಂಬುದನ್ನು ಮಾತ್ರ ಹೇಳುತ್ತಿರಲಿಲ್ಲ. ಯಾರೂ ಕೇಳಿರಲಿಲ್ಲ, ಇವರು ಹೇಳಿರಲಿಲ್ಲ.

ಈ ಸಲ ಚುನಾವಣೆ ಘೋಷಣೆಯಾದಾಗ ಚನ್ನರಾಯಪಟ್ಟಣ ರಸ್ತೆಯ ತೋಟದ ಪುಟ್ಟರಾಜು ತನ್ನ ಜೋಡುನಳಿಗೆ ಕೋವಿ ಹೊತ್ತು ನಮ್ಮ ಬೀದಿಯಲ್ಲೇ ಹೊರಟಿದ್ದ. ಜಗಲಿಯ ಮೇಲಿದ್ದ ವೆಂಕಟರಾಮಯ್ಯನವರನ್ನು ನೋಡಿ ನಿಂತ.

"ಏನ್ ಸ್ವಾಮಿ, ನಿಮ್ ಗನ್ನು ಜಮಾ ಮಾಡಾಕಿಲ್ವಾ? ಅಂಗೆ ಮನ್ಯಾಗ್ ಇಟ್ಕಂಡ್ರೆ ಕೇಸಾಯ್ತದೆ ಕಣ್ರೀ!"

ಅಷ್ಟೇ ಸಾಕಾಯಿತು. ವೆಂಕಟರಾಮಯ್ಯನವರು ಒಳಗೆ ಓಡಿ, ಮದುವೆಗೆಂದು ಇಟ್ಟಿದ್ದ ಜರಿಪಂಚೆಯನ್ನು ತೆಗೆದು ಹಿರಿಯ ಪಿಸ್ತೂಲಿಗೆ ಸುತ್ತಿದರು. ಉಳಿದೆರಡನ್ನು ಕೈಚೀಲಕ್ಕೆ ಹಾಕಿಕೊಂಡು, ದಾರಿಯಲ್ಲಿ ಜೊತೆಗಿರಲಿ ಎಂದು ನನ್ನನ್ನು ಕರೆದರು. ನಾನು ಗಣಿತದ ಮೇಷ್ಟ್ರಾಗಿ ನಿವೃತ್ತನಾದವನು, ಕರೆದವರ ಜೊತೆ ಹೋಗುವುದೇ ನನ್ನ ಈಗಿನ ಉದ್ಯೋಗ. ನೇರ ಹೋದರೆ ಠಾಣೆ ಹತ್ತಿರವಿದೆ. ನಾವು ಬಸ್ ಸ್ಟ್ಯಾಂಡ್ ಸುತ್ತಿ, ತರಕಾರಿ ಮಾರ್ಕೆಟ್ಟಿನ ಒಳಗಿಂದ ಹಾದು ಹೋದೆವು.

ಠಾಣೆಯಲ್ಲಿ ಎಸ್.ಐ. ದಿವ್ಯಾ ಎಂಬ ಹುಡುಗಿ. ಮಾತಿನಲ್ಲಿ ಬಲು ನಯ. ಪಂಚೆ ಬಿಚ್ಚಿ ಪಿಸ್ತೂಲನ್ನು ತಿರುಗಿಸಿ ನೋಡಿದಳು, ಮೊಬೈಲಿನ ಟಾರ್ಚ್ ಹಾಕಿ ನಳಿಗೆಯೊಳಗೆ ಇಣುಕಿದಳು, ಆಮೇಲೆ ವ್ಯಾಪಾರಿಯ ರಸೀತಿ ಓದಿದಳು.

"ಸಾರ್, ಇದನ್ನ ಜಮಾ ತಗೊಳ್ಳಕ್ಕೆ ಆಗಲ್ಲ. ಇದರೊಳಗೆ ಇರುವೇನೂ ಹೋಗಲ್ಲ. ಇದು ಶೋಕೇಸ್ ಸಾಮಾನು."

"ಅಮ್ಮಾ, ಇದು ಕುದುರೆ ಪಡೆಯ ಪಿಸ್ತೂಲು," ಎಂದರು ವೆಂಕಟರಾಮಯ್ಯನವರು. ಅವರ ಧ್ವನಿ ಕೇಳಿ ನನಗೇ ಸಂಕಟವಾಯಿತು. "ಒಂದು ಮೂಲೇಲಿ ಇಟ್ಕೊಳ್ಳಿ. ಎಲ್ಲರ ಗನ್ನಿನ ಜೊತೆ."

"ಬೇಡ ಸಾರ್. ನಿಮ್ಮಂಥೋರ ಹತ್ತಿರ ಇದ್ರೆ ನಮಗೇನೂ ಭಯ ಇಲ್ಲ. ಮನೆಗೆ ತಗೊಂಡು ಹೋಗಿ."

ಹೋಗುವಾಗ ಊರೆಲ್ಲ ಸುತ್ತಿದವರು ಬರುವಾಗ ಮೋರಿ ಪಕ್ಕದ ಓಣಿ ಹಿಡಿದೆವು. ಆದರೆ ಓಣಿಯ ಬಾಯಲ್ಲಿ ಟೀ ಅಂಗಡಿ, ಅಂಗಡಿಯ ಬೆಂಚಿನ ಮೇಲೆ ಪುಟ್ಟರಾಜು ಮತ್ತು ಅವನ ಜೊತೆ ನಾಲ್ಕೈದು ಜನ ಕೋವಿ ಒಪ್ಪಿಸಿ ಬಂದವರು. ಕೈಯಲ್ಲಿ ಜರಿಪಂಚೆಯ ಗಂಟು ಹಾಗೇ ಇದ್ದದ್ದು ಎಲ್ಲರಿಗೂ ಕಂಡಿತು.

"ಯಾಕ್ ಸ್ವಾಮಿ ವಾಪಸ್ ತಂದ್ರಿ?" ಎಂದ ಪುಟ್ಟರಾಜು.

ವೆಂಕಟರಾಮಯ್ಯನವರು ನನ್ನನ್ನು ನೋಡಿದರು. ನಾನು ಟೀ ಅಂಗಡಿಯ ಬೋರ್ಡು ನೋಡಿದೆ.

"ಎಸ್ಸೈ ಮೇಡಂ ಬೇಡ ಅಂದ್ರು," ಎಂದರು ಅವರು ಮೆಲ್ಲಗೆ. "ನಿಮ್ಮಂಥೋರ ಹತ್ತಿರ ಇದ್ರೆ ನಮಗೇನೂ ಭಯ ಇಲ್ಲ, ಮನೆಗೆ ತಗೊಂಡು ಹೋಗಿ ಅಂದ್ರು."

ಇದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ. ಇರುವೆಯ ಮಾತೊಂದು ಬಿಟ್ಟುಹೋಗಿತ್ತು, ಅಷ್ಟೇ. ಬೆಂಚಿನ ಮೇಲಿದ್ದವರೆಲ್ಲ ಎದ್ದು ನಿಂತರು. ಪುಟ್ಟರಾಜು ತನ್ನ ಕೈಯಲ್ಲಿದ್ದ ಟೀ ಲೋಟವನ್ನು ಒರೆಸಿ ಕೆಳಗಿಟ್ಟು, "ಲೇ, ಸ್ವಾಮ್ಯೋರಿಗೆ ಕುರ್ಚಿ ಆಕ್ಲಾ!" ಎಂದು ಕೂಗಿದ.

ಸಂಜೆಯ ಹೊತ್ತಿಗೆ ಸುದ್ದಿ ಊರು ತುಂಬಿತು. ತಾಲ್ಲೂಕಿನ ಕೋವಿಗಳೆಲ್ಲ ಠಾಣೆಯ ಕೋಣೆಯಲ್ಲಿ ಬಿದ್ದಿರುವಾಗ, ಪೊಲೀಸರು ನಂಬಿ ಗನ್ನು ಮನೆಯಲ್ಲೇ ಬಿಟ್ಟ ಮನುಷ್ಯ ಒಬ್ಬರೇ ಒಬ್ಬರು! ಮರುದಿನದಿಂದ ಹಾಲಿನ ರೇವಮ್ಮ ಅವರ ಮನೆಗೆ ಗಟ್ಟಿ ಹಾಲು ಹಾಕತೊಡಗಿದಳು. ನಮ್ಮ ಮನೆಗೆ ಆ ನೀರೂ ಸೇರಿ ಬಂತು. ಕೋಟೆ ದೇವಸ್ಥಾನದ ಅರ್ಚಕರು ಇವರ ಕೈಗೆ ಪುಳಿಯೋಗರೆಯನ್ನು ದೊನ್ನೆ ತುಂಬ ಹಾಕಿ, ನನ್ನ ಕೈಗೆ ಎಂದಿನಷ್ಟೇ ಹಾಕಿದರು. ಬಸ್ಸಿನಲ್ಲಿ ಕಂಡಕ್ಟರು ಕಿಟಕಿ ಪಕ್ಕದ ಸೀಟು ಬಿಡಿಸಿಕೊಡುತ್ತಿದ್ದನಂತೆ. ವೆಂಕಟರಾಮಯ್ಯನವರ ನಡಿಗೆಯೇ ಬದಲಾಯಿತು. ಬಲಗೈಯನ್ನು ಸೊಂಟದಿಂದ ಸ್ವಲ್ಪ ದೂರ ಇಟ್ಟುಕೊಂಡು ನಡೆಯತೊಡಗಿದರು.

ಶ್ರೀರಂಗಮ್ಮನವರಿಗೆ ಇದು ಹಿಡಿಸಲಿಲ್ಲ. "ಏನ್ರೀ, ಇದ್ದದ್ದನ್ನ ಇದ್ದ ಹಾಗೆ ಹೇಳಿಬಿಡಿ. ಆಮೇಲೆ ಕುತ್ತಿಗೆಗೆ ಬರತ್ತೆ," ಎಂದರು.

"ನಾನೇನು ಸುಳ್ಳು ಹೇಳಿದೀನಾ? ಮೇಷ್ಟ್ರನ್ನ ಕೇಳು."

ನಾನು ಕಾಫಿ ಕುಡಿಯುತ್ತಿದ್ದೆ. ಆ ಗಟ್ಟಿ ಹಾಲಿನ ಕಾಫಿ ಬಾಯಲ್ಲಿದ್ದಾಗ ಯಾರ ವಿರುದ್ಧವೂ ಮಾತು ಬರುವುದಿಲ್ಲ.

ಇನ್ನೊಂದು ವಿಷಯ. ನೀತಿಸಂಹಿತೆ ಜಾರಿಯಾದದ್ದು ಮನುಷ್ಯರಿಗಿಂತ ಮೊದಲು ಕೋತಿಗಳಿಗೆ ಗೊತ್ತಾಗುತ್ತದೆ. ಕೋವಿಗಳು ಠಾಣೆ ಸೇರಿದ್ದೇ ತಡ, ತೋಟಗಳಿಗೆ ಹಿಂಡುಹಿಂಡಾಗಿ ಇಳಿದವು. ಎಳನೀರು ಕಿತ್ತು ಒಂದು ಗುಟುಕು ಕುಡಿದು ಬಿಸಾಡುವುದು, ತೆಂಗಿನ ಎಳೆ ಹರಳುಗಳನ್ನು ಕಿತ್ತು ಒಂದರ ಮೇಲೊಂದು ಎಸೆಯುವುದು. ಶನಿವಾರ ಬೆಳಿಗ್ಗೆ ಪುಟ್ಟರಾಜು ಕಾರು ತಂದು ಜಗಲಿಯ ಮುಂದೆ ನಿಂತ.

"ಸ್ವಾಮಿ, ನೀವು ಇಲ್ಲ ಅನ್ಬಾರ್ದು. ನಮ್ ಕೋವಿ ಒಳಗಿದೆ. ತ್ವಾಟ ಎಕ್ಕುಟ್ಟೋಯ್ತದೆ. ಒಂದ್ ಕಿತ ಬಂದು ನಿಮ್ ಗನ್ ತೋರ್ಸಿ ಸಾಕು."

ವೆಂಕಟರಾಮಯ್ಯನವರು ಕಚೇರಿ ಇದೆ ಎನ್ನಲು ಹೋದರು, ಅಂದು ಕಚೇರಿಗೆ ರಜ. ಹೊಟ್ಟೆ ನೋವು ಎನ್ನುವುದರೊಳಗೆ ಕಾರಿನ ಬಾಗಿಲು ತೆಗೆದಿತ್ತು. ಅವರು ನನ್ನ ತೋಳು ಬಿಡಲಿಲ್ಲವಾದ್ದರಿಂದ ನಾನೂ ಹೋದೆ.

ತೋಟದಲ್ಲಿ ಪುಟ್ಟರಾಜುವಿನ ತಾಯಿ ಬೆಟ್ಟಮ್ಮ ಸೊಂಟಕ್ಕೆ ಸೆರಗು ಕಟ್ಟಿಕೊಂಡು ಕೋತಿಗಳ ವಂಶವನ್ನು ಬಾಯಿತುಂಬ ಬೈಯುತ್ತ ನಿಂತಿದ್ದಳು. ವೆಂಕಟರಾಮಯ್ಯನವರು ಜರಿಪಂಚೆ ಬಿಚ್ಚಿದರು. ಅದೇ ಹೊತ್ತಿಗೆ ಹಿಂಡಿನ ಯಜಮಾನ, ದಪ್ಪ ಗಡವ, ಮರದಿಂದ ಇಳಿದು ನೇರ ಇವರ ಕಡೆಗೇ ಹೆಜ್ಜೆ ಇಟ್ಟಿತು. ವೆಂಕಟರಾಮಯ್ಯನವರು ಎರಡೂ ಕೈಯಲ್ಲಿ ಪಿಸ್ತೂಲು ಎತ್ತಿದರು, ಎರಡೂ ಕಣ್ಣು ಮುಚ್ಚಿದರು. ತುಟಿ ಅಲುಗುತ್ತಿತ್ತು. ನಾನು ಪಕ್ಕದಲ್ಲಿದ್ದೆ, ಅವರು ಆಂಜನೇಯನ ಸ್ತೋತ್ರ ಹೇಳುತ್ತಿದ್ದರು.

ಗಡವ ನಿಂತಿತು. ಎತ್ತಿದ ನಳಿಗೆಯನ್ನು ನೋಡಿತು. ಕೋವಿಯ ರುಚಿ ಕಂಡಿದ್ದ ಪ್ರಾಣಿಯೇ ಇರಬೇಕು, ಕಿರ್ರೆಂದು ಕೂಗಿ ಬೇಲಿ ಹಾರಿತು. ಮರದ ಮೇಲಿದ್ದ ಸಂಸಾರವೆಲ್ಲ ಅದರ ಹಿಂದೆ ಹೊರಟುಹೋಯಿತು. ವೆಂಕಟರಾಮಯ್ಯನವರು ಕಣ್ಣು ಬಿಟ್ಟಾಗ ತೋಟ ಖಾಲಿ.

"ಅಯ್ಯೋ ಶಿವ್ನೆ!" ಎಂದಳು ಬೆಟ್ಟಮ್ಮ. "ಕಣ್ ಮುಚ್ಕಂಡೇ ಗುರಿ ಇಡ್ತರೆ ಕಣ್ಲಾ ಪುಟ್ಟ!"

"ಗುಂಡು ಯಾಕ್ ಆರಿಸ್ನಿಲ್ಲ ಸ್ವಾಮಿ?" ಎಂದ ಪುಟ್ಟರಾಜು.

"ಇವತ್ತು ಶನಿವಾರ," ಎಂದರು ವೆಂಕಟರಾಮಯ್ಯನವರು. ಉಸಿರು ಅಷ್ಟೇ ಉಳಿದಿತ್ತು. ಶನಿವಾರ ಆಂಜನೇಯನ ವಾರವೆಂಬುದು ಎಲ್ಲರಿಗೂ ಗೊತ್ತು. ಬೆಟ್ಟಮ್ಮ ಇಂಥ ಧರ್ಮಾತ್ಮನನ್ನು ಕಂಡದ್ದಕ್ಕೆ ಕೈಮುಗಿದಳು. ಬಾಳೆಗೊನೆಯೊಂದು ನಮ್ಮ ಜೊತೆ ಕಾರಿನಲ್ಲಿ ಬಂತು.

ಇಲ್ಲಿಗೆ ನಿಂತಿದ್ದರೆ ಎಲ್ಲ ಚೆನ್ನಾಗಿತ್ತು. ಆದರೆ ಚುನಾವಣೆಯ ಕಾಲದಲ್ಲಿ ಕೀರ್ತಿಯನ್ನು ಮನೆಯಲ್ಲಿ ಇಟ್ಟುಕೊಳ್ಳಲು ಯಾರು ಬಿಡುತ್ತಾರೆ? ಸೋಮವಾರ ವೆಂಕಟರಾಮಯ್ಯನವರಿಗೆ ಬಸ್ ತಪ್ಪಿತು. ಆಗ ಒಂದು ಪಕ್ಷದ ಪುಢಾರಿ ಸುದರ್ಶನ್ ಎಂಬಾತ ಜೀಪು ನಿಲ್ಲಿಸಿ, "ಬನ್ನಿ ಸಾರ್, ನಾವೂ ಆ ಕಡೇಗೇ ಹೋಗ್ತಿರೋದು. ಮುಂದೆ ಕೂತ್ಕೊಳ್ಳಿ," ಎಂದ. ಇವರು ಊಟದ ಡಬ್ಬಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತರು. ಜೀಪು ಪ್ರಚಾರ ಮಾಡುತ್ತ ಹಾಸನ ಸುತ್ತಿ ಗೊರೂರು ತಲುಪಿತು. ದಾರಿಯುದ್ದಕ್ಕೂ ಜನ ನೋಡಿದ್ದು ಚೀಲವನ್ನು. ಅದರೊಳಗಿದ್ದದ್ದು ಮೊಸರನ್ನ, ನೋಡಿದವರ ಕಣ್ಣಿಗೆ ಪಿಸ್ತೂಲು. ಎದುರು ಪಕ್ಷದವರು ಫೋಟೋ ಹೊಡೆದು, ಸರ್ಕಾರಿ ನೌಕರನೊಬ್ಬ ಆಯುಧ ಹಿಡಿದು ಮತದಾರರನ್ನು ಹೆದರಿಸುತ್ತಿದ್ದಾನೆ ಎಂದು ದೂರು ಬರೆದರು.

ಮಾರನೆಯ ಸಂಜೆ ನಮ್ಮ ಬೀದಿಗೆ ಚುನಾವಣಾ ತಂಡದ ಬಿಳಿ ಕಾರು ಬಂತು. ಇಳಿದವರು ಜಯಂತ್ ಎಂಬ ಅಧಿಕಾರಿ. ಮೂಲತಃ ಕಾಲೇಜಿನ ಮೇಷ್ಟ್ರು, ಚುನಾವಣೆಯ ಕೆಲಸಕ್ಕೆಂದು ಎಳೆದು ತಂದಿದ್ದರು. ಜೊತೆಗೆ ವಿಡಿಯೋ ತೆಗೆಯುವವನು, ರುದ್ರಯ್ಯ ಎಂಬ ಪೇದೆ. ಬೀದಿಯೆಲ್ಲ ಜಗಲಿಯ ಮುಂದೆ ಸೇರಿತು. ಇನ್ನೊಂದು ಬಾಳೆಗೊನೆ ಕೊಡಲು ಬಂದಿದ್ದ ಪುಟ್ಟರಾಜು, ಬೆಟ್ಟಮ್ಮ ಇಬ್ಬರೂ ಅಲ್ಲೇ ಇದ್ದರು. ಮೂರು ಪಿಸ್ತೂಲೂ ಮೇಜಿನ ಮೇಲೆ ಬಂದವು.

ಜಯಂತ್ ಅವನ್ನು ಮುಟ್ಟಲಿಲ್ಲ. ಆಯುಧ ಹೇಗಿರುತ್ತದೆಂದು ಪಾಪ ಅವರಿಗೂ ಗೊತ್ತಿರಲಿಲ್ಲ. ಎಸ್.ಐ. ದಿವ್ಯಾಳಿಗೆ ಫೋನು ಮಾಡಿಸಿದರು. ಅವಳು ಅರಕಲಗೂಡಿನಲ್ಲಿ ಯಾರೋ ದೊಡ್ಡವರ ಸಭೆಯ ಬಂದೋಬಸ್ತಿನಲ್ಲಿದ್ದಳು. ಮೈಕಿನ ಗದ್ದಲದಲ್ಲಿ ರಿಂಗ್ ಆಗಿ ಆಗಿ ನಿಂತಿತು.

"ನೋಡಿ ಸಾರ್," ಎಂದರು ಜಯಂತ್, "ನೀವು ಸರ್ಕಾರಿ ನೌಕರರು. ಇದು ಆಯುಧ ಆದ್ರೆ ಈಗಲೇ ವಶಕ್ಕೆ ತಗೋಬೇಕು, ನಿಮ್ಮ ಇಲಾಖೆಗೆ ಇವತ್ತೇ ವರದಿ ಹೋಗತ್ತೆ. ಸಸ್ಪೆಂಡ್ ಆಗ್ತೀರಿ. ಆಯುಧ ಅಲ್ಲ ಅಂದ್ರೆ ಬಾಯಿಬಿಟ್ಟು ಹೇಳಿ. ಕ್ಯಾಮೆರಾ ನೋಡಿಕೊಂಡು. ಇದು ಗನ್ನೋ, ಅಲ್ವೋ?"

ವೆಂಕಟರಾಮಯ್ಯನವರು ಕ್ಯಾಮೆರಾ ನೋಡಿದರು. ಆಮೇಲೆ ಬೀದಿಯವರನ್ನು ನೋಡಿದರು. ಗನ್ನು ಎಂದರೆ ಇಷ್ಟು ವರ್ಷದ ನೌಕರಿ, ಬರಬೇಕಾದ ಪಿಂಚಣಿ, ಕೈಯಾರೆ ಬೆಳಗಿದ ಪಿಸ್ತೂಲು ಎಲ್ಲವೂ ಹೋಗುತ್ತದೆ. ಅಲ್ಲ ಎಂದರೆ ನಾಳೆಯಿಂದ ಈ ಬೀದಿಯಲ್ಲಿ ತಲೆ ಎತ್ತುವ ಹಾಗಿಲ್ಲ.

ಅವರ ಸಂಕಟ ನೋಡಲಾರದೆ ಪುಟ್ಟರಾಜು ಸಹಾಯಕ್ಕೆ ಬಂದ. "ಸಾ, ಗನ್ನು ಅಸಲಿ ಸಾ! ಅನುಮಾನಾನೇ ಬ್ಯಾಡ. ಎಸ್ಸೈ ಮೇಡಮ್ಮೇ ಇಟ್ಕಳಿ ಅಂತ ಕೊಟ್ಟವ್ರೆ."

"ನಾನ್ ಕಣ್ಣಾರೆ ಕಂಡಿವ್ನಿ ಕಣಪ್ಪಾ," ಎಂದಳು ಬೆಟ್ಟಮ್ಮ ಮುಂದೆ ಬಂದು, ಕ್ಯಾಮೆರಾದವನ ಮುಖಕ್ಕೇ. "ನಮ್ ತ್ವಾಟದಾಗೆ ಇದನ್ನ ಎತ್ತುತಿದ್ದಂಗೆ ಒಂದ್ ಕೋತಿನೂ ನಿಲ್ನಿಲ್ಲ. ಶನಿವಾರ ಅಂತ ಬಿಟ್ಟವ್ರೆ. ಬ್ಯಾರೆ ವಾರ ಆಗಿದ್ರೆ ಎಣ ಬೀಳ್ತಿತ್ತು!"

ಜಯಂತ್ ಬರೆದುಕೊಳ್ಳಲು ಪೆನ್ನು ತೆಗೆದರು. ಪೇದೆ ರುದ್ರಯ್ಯ ಬೆಲ್ಟು ಸರಿಮಾಡಿಕೊಂಡ. ಒಳಗಿನಿಂದ ಶ್ರೀರಂಗಮ್ಮನವರು ಧಾವಿಸಿ ಬಂದರು.

"ಅದು ಬೊಂಬೆ ಕಣ್ರೀ! ನವರಾತ್ರಿಲಿ ನಾನು ಬೊಂಬೆ ಸಾಲಲ್ಲಿ ಇಡ್ತೀನಿ, ದಂಡಿನ ಬೊಂಬೆ ಪಕ್ಕದಲ್ಲಿ. ಬೇಕಾದ್ರೆ ಆರತಿಗೆ ಬಂದ ಹೆಂಗಸರನ್ನ ಕೇಳಿ."

ಬೀದಿ ಮರುಗಿತು. "ಪಾಪ, ಗಂಡನ್ನ ಉಳಿಸ್ಕಳಕ್ಕೆ ಎಂಗ್ ಒದ್ದಾಡ್ತಾವ್ರೆ ನೋಡು," ಎಂದು ರೇವಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನೂ ಮುಂದೆ ಹೋಗಿ, ಅಮ್ಮನವರು ಹೇಳಿದ್ದು ನಿಜ, ಠಾಣೆಯಲ್ಲಿ ನಾನೂ ಇದ್ದೆ ಎಂದೆ. ಎದುರು ಮನೆಯ ಕಾಫಿಯ ಋಣ ಎಂದು ಯಾರೋ ಹಿಂದಿನಿಂದ ಅಂದರು.

ಆಗ ವೆಂಕಟರಾಮಯ್ಯನವರ ಬಾಯಿಂದ ಮಾತು ಹೊರಟಿತು. ಅವರ ಕಣ್ಣು ತುಂಬಿತ್ತು.

"ಇದು ಗನ್ನಲ್ಲ ಸಾರ್. ಒಂದು ಕಾಲಕ್ಕೆ ಆಗಿತ್ತು. ಈಗ ನಳಿಗೆಗೆ ಸೀಸ ಹೊಯ್ದಿದೆ, ಒಳಗೆ ಇರುವೇನೂ ಹೋಗಲ್ಲ. ಎಸ್ಸೈ ಮೇಡಂ ಈ ಮಾತು ಹೇಳಿದ್ರು. ನಾನು ಹಿಂದಿಂದು ಬಿಟ್ಟು ಮುಂದಿಂದು ಮಾತ್ರ ಹೇಳಿದೆ. ಸುಮ್ಮನೆ... ಒಂದು ಸಲ ನನಗೂ ಯಾರಾದ್ರೂ ಕುರ್ಚಿ ಹಾಕ್ಲಿ ಅಂತ. ಪಟಾಕಿ ಸದ್ದಿಗೇ ಹೆದರೋನು ನಾನು. ತೋಟದಲ್ಲಿ ಗುರಿ ಇಟ್ಟು ಕಣ್ಣು ಮುಚ್ಚಿದ್ದಲ್ಲ. ಭಯ ಆಯ್ತು, ಅದಕ್ಕೇ ಮುಚ್ಕೊಂಡೆ."

ಇಷ್ಟು ಸ್ಪಷ್ಟವಾಗಿ ನಿಜ ಹೇಳಿದರೂ ಬೀದಿ ನಂಬಲಿಲ್ಲ. ನೌಕರಿ ಉಳಿಸಿಕೊಳ್ಳುವ ಉಪಾಯ ಎಂದು ತಲೆದೂಗಿದರು. "ಏನ್ ತಲೆ ಸ್ವಾಮ್ಯೋರ್ದು!" ಎಂದು ಪುಟ್ಟರಾಜು ಪಕ್ಕದವನಿಗೆ ಕಣ್ಣು ಹೊಡೆದ. ಕೊನೆಗೆ ಜಯಂತ್, ಶ್ರೀರಂಗಮ್ಮನವರಿಂದ ಪೊರಕೆಯ ಕಡ್ಡಿಯೊಂದನ್ನು ಕೇಳಿ ಪಡೆದು, ಕ್ಯಾಮೆರಾದ ಮುಂದೆ ಹಿಡಿದು, ಹಿರಿಯ ಪಿಸ್ತೂಲಿನ ಬಾಯಿಗೆ ತೂರಿಸಿದರು. ಕಡ್ಡಿ ಉಗುರಿನಷ್ಟು ಒಳಗೆ ಹೋಗಿ ನಿಂತಿತು. ಒತ್ತಿದರು. ಕಡ್ಡಿ ಬಾಗಿ ಮುರಿಯಿತು. ಉಳಿದೆರಡರಲ್ಲೂ ಹಾಗೇ ಆಯಿತು.

ಪುಟ್ಟರಾಜು ಮುಂದೆ ಬಂದು ಪಿಸ್ತೂಲನ್ನು ಕೈಗೆತ್ತಿಕೊಂಡು ನಳಿಗೆಯೊಳಗೆ ಒಂದು ಕಣ್ಣಿಟ್ಟು ಬಹಳ ಹೊತ್ತು ನೋಡಿದ. ವೆಂಕಟರಾಮಯ್ಯನವರು ತಲೆ ತಗ್ಗಿಸಿದ್ದರು. ನಾನು ಅವರನ್ನು ಎಷ್ಟೋ ವರ್ಷದಿಂದ ಗೇಲಿ ಮಾಡಿದವನು, ಆ ಹೊತ್ತಿನಲ್ಲಿ ಮಾತ್ರ ಯಾರಾದರೂ ನಕ್ಕರೆ ಹೊಡೆದುಬಿಡುತ್ತೇನೆ ಅನಿಸಿತು.

"ಅಲ್ಲಾ ಸ್ವಾಮಿ," ಎಂದ ಪುಟ್ಟರಾಜು, "ಅಂಗಾರೆ ಅವತ್ತು ಆ ಗಡವ ಮೈಮ್ಯಾಲೆ ಬಂದಾಗ ನಿಮ್ ಕೈನಾಗೆ ಏನೂ ಇರ್ನಿಲ್ವಾ?"

"ಇರಲಿಲ್ಲಪ್ಪಾ."

"ಏನೂ ಇಲ್ದೇನೆ ನಿಂತಿದ್ರಾ?"

"ಓಡಕ್ಕೆ ಕಾಲು ಬರಲಿಲ್ಲ."

"ಅದ್ ಬಿಡಿ. ನಾವು ಕೋವಿಗೆ ತೋಟಾ ತುಂಬ್ಕಂಡ್ರೂನೂವೆ ಮರದ ಮರೇಲಿ ನಿತ್ಕತೀವಿ. ನೀವು ಬರಿಗೈಲಿ ಎದುರ್ಗೇ ನಿತ್ರಲ್ಲಾ!" ಅವನು ಬೀದಿಯ ಕಡೆ ತಿರುಗಿದ. "ಲೇ, ಕೇಳ್ರಲಾ. ಸೀಸ ಆಕೈತೆ ಅನ್ನೋದು ನಮ್ಗೆ ಗೊತ್ತಾಯ್ತು. ಕೋತಿಗೆ ಯಾವನಾರಾ ಯೋಳಿದ್ರೆ ಚೆನ್ನಾಗಿರಾಕಿಲ್ಲ!"

ಎಲ್ಲರೂ ನಕ್ಕರು. ವೆಂಕಟರಾಮಯ್ಯನವರೂ ಪಂಚೆಯ ಚುಂಗಿನಿಂದ ಮೂಗು ಒರೆಸಿಕೊಂಡು ನಕ್ಕರು. ಜಯಂತ್ "ಪ್ರದರ್ಶನದ ವಸ್ತು, ಆಯುಧವಲ್ಲ" ಎಂದು ಬರೆದು, ರುದ್ರಯ್ಯನಿಂದ ರುಜು ಹಾಕಿಸಿ, ಪಿಸ್ತೂಲುಗಳನ್ನು ವಾಪಸ್ ಕೊಟ್ಟರು. ಕಾರಿನ ತನಕ ಹೋದವರು ಏಕೋ ತಿರುಗಿ ಬಂದರು. ವಿಡಿಯೋದವನಿಗೆ ಕ್ಯಾಮೆರಾ ಆಫ್ ಮಾಡಪ್ಪ ಎಂದರು. ಆಮೇಲೆ ತಗ್ಗಿದ ದನಿಯಲ್ಲಿ ವೆಂಕಟರಾಮಯ್ಯನವರನ್ನು ಕೇಳಿದರು:

"ಸಾರ್, ಚನ್ನರಾಯಪಟ್ಟಣದ ಹತ್ತಿರ ನಮ್ಮ ಮಾವನವರದ್ದೂ ಒಂದು ತೋಟ ಇದೆ. ಕೋತಿ ಕಾಟ ಹೇಳತೀರದು. ಭಾನುವಾರ ನಿಮಗೆ ಬಿಡುವಿದೆಯಾ?"

ವೆಂಕಟರಾಮಯ್ಯನವರು ಹೆಂಡತಿಯ ಮುಖ ನೋಡಿದರು. ಶ್ರೀರಂಗಮ್ಮನವರು ಮೇಜಿನ ಮೇಲಿದ್ದ ಹಿರಿಯ ಪಿಸ್ತೂಲನ್ನು ತಮ್ಮ ಕೈಯಾರೆ ಎತ್ತಿಕೊಂಡು ಜರಿಪಂಚೆಯಲ್ಲಿ ಸುತ್ತತೊಡಗಿದ್ದರು.

"ಬರ್ತಾರೆ," ಎಂದರು ತಲೆ ಎತ್ತದೆ. "ಆದ್ರೆ ನೀವು ಕಾರು ಕಳಿಸಬೇಕು. ಗನ್ ಇಟ್ಕೊಂಡಿರೋರು ಬಸ್ಸಲ್ಲಿ ಬಂದಿಳಿದ್ರೆ ಕೋತಿಗಳು ಮರ್ಯಾದೆ ಕೊಡಲ್ಲ."